ಡೈರಿಯ ಕೊನೆಯ ಪುಟ

ಅಣ್ಣಾ,

ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೋ. ಅಮ್ಮನ ಮಾತ್ರೆ ಮರೆಯಬೇಡ.

ನಾನು ಬೆಳಗಿನ ರೈಲಿಗೆ ಹೊರಟೆ. ಮನೆ ಹತ್ತಿರದ ಕಾಲೇಜನ್ನೇ ಆರಿಸಿಕೊಂಡೆನೆಂದು ಡೈರಿಯಲ್ಲಿ ಬರೆದದ್ದು ಸುಳ್ಳು. ನೀನು ಕದ್ದು ಓದುತ್ತೀಯೆಂದು ಗೊತ್ತಾದ ದಿನದಿಂದ ಅದನ್ನು ನಿನಗೆಂದೇ ಬರೆಯುತ್ತಿದ್ದೆ. ಸೇರುತ್ತಿರುವುದು ಪರಮಾಣು ಎಂಜಿನಿಯರಿಂಗ್ ಎಂ.ಟೆಕ್‌ಗೆ, ರಿಯಾಕ್ಟರ್ ಸುರಕ್ಷತೆಯ ವಿಭಾಗಕ್ಕೆ.

"ಇವಳಾ? ಸ್ಥಾವರಕ್ಕೆ ಬೆಂಕಿ ಬಿದ್ರೂ ಸೈರನ್ ಒತ್ತೋಕೆ ನಾಚ್ಕೋತಾಳೆ" ಎಂದು, ನಾನು ಈ ಕೋರ್ಸಿನ ಆಸೆ ಹೇಳಿದ ದಿನ ಊಟಕ್ಕೆ ಕೂತಾಗ ಅಮ್ಮನನ್ನು ನಗಿಸಿದೆಯಲ್ಲ.

ನಿನಗೆ ಸಿಕ್ಕಿದ್ದ ಇದೇ ಕೋರ್ಸಿನ ಸೀಟನ್ನು ಮನೆಗೋಸ್ಕರ ಬಿಟ್ಟುಕೊಟ್ಟೆಯೆಂದು ನೀನು ಹೇಳುತ್ತಿದ್ದೆ. ನೀನು ಎರಡು ಸಲ ಫೇಲಾದ ಅದರ ಪ್ರವೇಶ ಪರೀಕ್ಷೆಯ ಅಂಕಪಟ್ಟಿ ಹಳೇ ಸೂಟ್‌ಕೇಸಿನಲ್ಲಿ ಸಿಕ್ಕಿತು. ಡೈರಿಯ ಕೊನೆಯ ಪುಟಕ್ಕೆ ಅಂಟಿಸಿದ್ದೇನೆ.

ಹರಿದು ಹಾಕಿ ಪ್ರಯೋಜನವಿಲ್ಲ. ಅಮ್ಮ ನಿನ್ನೆ ರಾತ್ರಿಯೇ ಅದನ್ನು ಓದಿದಳು. ನಗಲಿಲ್ಲ.