ಕೊನೆಯವಳ ಜಾಗ

೧೪ ಮಾರ್ಚ್, ಶುಕ್ರವಾರ

ಈಜುಕೊಳದ ತಳದಲ್ಲಿ ಆಡುವ ನೀರೊಳಗಿನ ಹಾಕಿಯಲ್ಲಿ ನಾವು ಆರು ಜನ, ಮೂವರು ಮುಂದೆ, ಮೂವರು ಹಿಂದೆ ಆಡುತ್ತಿದ್ದೆವು. ಇವತ್ತು ಕೋಚ್ ಅಂಜನ್ ಸರ್ ಎಲ್ಲ ಬದಲಿಸಿ, ಮುಂದಿದ್ದ ನನ್ನನ್ನು ಕೊನೆಯಲ್ಲಿ ಗೋಲು ಕಾಯಲು ಒಬ್ಬಳನ್ನೇ ಬಿಟ್ಟರು. ನನ್ನ ಜಾಗ ಗೆಳತಿ ಸುನಿತಾಳ ತಂಗಿಗೆ ಹೋಯಿತು. ಮುಳುಗಿದರೆ ನನಗೆ ಕಿವಿ ನೋಯುವ ವಿಷಯ ಸುನಿತಾಳಿಗೆ ಮಾತ್ರ ಗೊತ್ತಿತ್ತು.

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ, ಸರ್‌ಗೆ ನೀನೇ ಹೇಳಿದೆಯಾ ಎಂದು ಸುನಿತಾಳನ್ನು ಕೇಳಿಯೇಬಿಟ್ಟೆ.

"ಹೂಂ ಕಣೆ, ನಾನೇ ಸರ್‌ಗೆ ಹೇಳ್ದೆ. ಹಿಂದಿದ್ರೆ ಅಷ್ಟೊಂದ್ ಸಲ ಮುಳುಗೋದು ಬ್ಯಾಡ. ಕಿವಿ ಕೆಟ್ರೆ ಏನ್ಮಾಡ್ತೀಯ?" ಅಂದಳು.

"ನಿನ್ ತಂಗಿ ನನ್ ಜಾಗಕ್ಕೆ ಬತ್ತಾಳೆ ಅಂತ ಯಾಕೆ ಹೇಳ್ಲಿಲ್ಲ?" ಅಂದೆ. ಶಿರಾ ಬಸ್ ಬಂತೆಂದು ಓಡಿದಳು.

ನನ್ನ ಮೇಲಿನ ಕಾಳಜಿಯೇ ಇರಬಹುದು. ನಂಬಲಾಗುತ್ತಿಲ್ಲ. ನಾಳೆ ತುಮಕೂರಿಗೆ ಹೋಗಿ ಕಿವಿ ತೋರಿಸುತ್ತೇನೆ. ಡಾಕ್ಟರ್ ಏನೇ ಅಂದರೂ ಸುನಿತಾಳಿಗೆ ಹೇಳುವುದಿಲ್ಲ.