ಸರ್ರಾ ರೋಗದ ವರದಿಗೆ ಕಾದ ಇಪ್ಪತ್ತಾರು ದಿನ

ಜಾನುವಾರು ರೋಗ ತಪಾಸಣಾ ಪ್ರಯೋಗಾಲಯದ ಮಾನ್ಯ ಅಧಿಕಾರಿಗಳೇ,

ನಿಮ್ಮ ವರದಿ ನಿನ್ನೆ ಕೈಸೇರಿತು. 'ಮಾದರಿಯು ಪರೀಕ್ಷೆಗೆ ಯೋಗ್ಯವಾಗಿರುವುದಿಲ್ಲ' ಎಂದು ಒಂದೇ ಸಾಲು. ಮಾದರಿ ಎಂದರೆ ನನ್ನ ಎಮ್ಮೆಯ ಕಿವಿಯಿಂದ ತೆಗೆದ ಒಂದು ಹನಿ ರಕ್ತ. ಅದನ್ನು ಕಳಿಸಿ ಇಪ್ಪತ್ತಾರು ದಿನವಾಗಿತ್ತು, ಎಮ್ಮೆ ಸತ್ತು ಇಪ್ಪತ್ತೆರಡು. ಅಷ್ಟು ದಿನ ಇಟ್ಟುಕೊಂಡರೆ ಯಾವ ರಕ್ತ ಯೋಗ್ಯವಾಗಿ ಉಳಿಯುತ್ತದೆ, ಸ್ವಾಮಿ? ಸಿಟ್ಟಿನಿಂದ ಕೇಳುತ್ತಿಲ್ಲ. ಸಿಟ್ಟು ಬರಲಿ ಎಂದು ನಿನ್ನೆಯಿಂದ ಕಾಯುತ್ತಿದ್ದೇನೆ, ಬರುತ್ತಿಲ್ಲ.

ನಮ್ಮದು ಅಂತರಸಂತೆಯಿಂದ ಒಳಕ್ಕೆ, ಕಾಡಿನ ಅಂಚಿನ ಊರು. ಮಳೆ ಹಿಡಿದ ಮೇಲೆ ದನ ಕಚ್ಚುವ ದೊಡ್ಡ ನೊಣ ಇಲ್ಲಿ ಹೊಸದಲ್ಲ. ಈ ಸಲ ಎಮ್ಮೆಗೆ ಜ್ವರ ಬಂತು, ಮೇವು ಬಿಟ್ಟಿತು, ಮೂರನೇ ದಿನ ಗೂಟದ ಸುತ್ತ ಒಂದೇ ಸಮ ತಿರುಗಿ, ಗೋಡೆಗೆ ಹಣೆ ಒತ್ತಿ ನಿಂತಿತು. ಪಶುವೈದ್ಯ ತೇಜಸ್ ಬಂದು ನೋಡಿ, ಸರ್ರಾ ಇರಬಹುದು, ಈ ನೊಣದಿಂದ ಹರಡುವ ರಕ್ತದ ರೋಗ ಎಂದರು. ಗಾಜಿನ ಮೇಲೆ ರಕ್ತ ಸವರಿ ಅವತ್ತೇ ನಿಮಗೆ ಕಳಿಸಿದರು. ಅದಕ್ಕೆ ಔಷಧಿಯಿದೆಯಂತೆ. ಆದರೆ ನಿಮ್ಮ ವರದಿ ಬಾರದೆ ಕೊಡಬಾರದೆಂದು ಆದೇಶವಂತೆ.

ನೊಣದ ವಿಷಯ ನನಗೆ ತಿಳಿಸಿದವರೂ ಅವರೇ. ಈ ರೋಗಾಣು ನೊಣದ ಹೊಟ್ಟೆಯಲ್ಲಿ ಬೆಳೆಯುವುದಿಲ್ಲ, ಒಳಗೆ ಹೋದದ್ದು ಅಲ್ಲೇ ಸಾಯುತ್ತದೆ. ಬಾಯಿಗೆ ಅಂಟಿದ ಹಸಿ ರಕ್ತದಲ್ಲಿ ಮಾತ್ರ ಕೆಲವು ನಿಮಿಷ ಬದುಕಿರುತ್ತದೆ. ಹೊಟ್ಟೆ ತುಂಬುವ ಮೊದಲೇ ಬಾಲದ ಏಟು ಬಿದ್ದರೆ ನೊಣ ಎದ್ದು ಪಕ್ಕದ ದನದ ಮೇಲೆ ಕೂತು ಊಟ ಮುಗಿಸುತ್ತದೆ. ಆ ಕೆಲವು ನಿಮಿಷವೇ ಸಾಕು. ಅದಕ್ಕೆ ಅರ್ಜಿ, ಮೊಹರು, ಆವಕ ಸಂಖ್ಯೆ ಯಾವುದೂ ಬೇಡ. ನನ್ನ ಯಜಮಾನರು ಕಂಠಪ್ಪ ಎರಡು ಸಲ ಬಸ್ಸು ಹತ್ತಿ ನಿಮ್ಮಲ್ಲಿಗೆ ಬಂದರು. ಸರದಿಯಲ್ಲಿದೆ, ಕಾಯಿರಿ ಎಂದು ಕಳಿಸಿದಿರಿ. ನೊಣ ಯಾರ ಸರದಿ ಕಾಯಬೇಕಿತ್ತು?

ಇನ್ನು ನನ್ನ ಪಾಲಿನದು. ಪಕ್ಕದವರಿಗೂ ತಿಳಿಸಿ, ದನ ದೂರ ಕಟ್ಟಲಿ ಎಂದು ಡಾಕ್ಟರು ಹೊರಡುವಾಗ ಹೇಳಿದ್ದರು. ಪಕ್ಕದ ಮನೆ ಮಾಯಮ್ಮನದು. ಅವಳಿಗಿರುವುದು ಒಂದೇ ಹಸು, ಆಗ ಎಂಟು ತಿಂಗಳ ಗಬ್ಬ. ಅವಳ ಕೊಟ್ಟಿಗೆಗೂ ನಮ್ಮದಕ್ಕೂ ನಡುವೆ ಸೊಂಟದೆತ್ತರದ ಗೋಡೆ. ಮರುದಿನ ಅವಳೇ ಬಂದು ಕೇಳಿದಳು.

"ಅಕ್ಕಾ, ಎಮ್ಮೆಗೆ ಏನಂತ ಅಂದ್ರು ಡಾಕ್ಟ್ರು?"

"ಗೊತ್ತಿಲ್ಲ ಕಣವ್ವ, ರಿಪೋರ್ಟ್ ಬಂದಿಲ್ಲ" ಎಂದೆ.

ರೋಗವೆಂದು ಬಾಯಿ ಬಿಟ್ಟರೆ ನಮ್ಮ ಇನ್ನೊಂದು ಎಮ್ಮೆಯ ಹಾಲನ್ನು ಡೈರಿಯಲ್ಲಿ ಮುಟ್ಟುವುದಿಲ್ಲವೆಂಬ ಭಯ ನನಗೆ. ಬಾರದ ನಿಮ್ಮ ವರದಿ ನನ್ನ ಸುಳ್ಳಿಗೆ ಒಳ್ಳೆಯ ಮರೆಯಾಯಿತು. ಅದಾಗಿ ಮೂರು ದಿನಕ್ಕೆ ಎಮ್ಮೆ ಸತ್ತಿತು. ಹದಿನೈದು ದಿನಕ್ಕೆ ಮಾಯಮ್ಮನ ಹಸುವಿಗೆ ಅದೇ ಜ್ವರ. ತಿಂಗಳು ತುಂಬುವ ಮೊದಲೇ ಕಂದು ಹಾಕಿತು. ಕರುವಿನ ಮೈಮೇಲೆ ಕೂದಲು ಬಂದಿತ್ತು. ಮಣ್ಣು ಮಾಡಲು ನಾನೂ ಕೈ ಹಾಕಿದೆ, ಆಗಲೂ ಹೇಳಲಿಲ್ಲ.

ನಿನ್ನೆ ನಿಮ್ಮ ಕಾಗದ ಹಿಡಿದುಕೊಂಡೇ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಹುಲ್ಲು ಬಿಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಅವತ್ತೇ ಒಂದ್ ಮಾತ್ ಅಂದಿದ್ರೆ, ಒಡ್ಕೊಂಡ್ ಓಗಿ ತಂಗಿ ಮನೇಲಿ ಕಟ್ತಿದ್ದೆ ಕಣಕ್ಕ" ಎಂದಳು, ಅಷ್ಟೇ. ಬೈದಿದ್ದರೆ ಎದ್ದು ಬರಲು ಸುಲಭವಾಗುತ್ತಿತ್ತು.

ಆ ಹಸು ಇನ್ನೂ ಇದೆ. ಇಬ್ಬರು ಹಿಡಿದು ಎತ್ತಿದರೆ ನಿಲ್ಲುತ್ತದೆ. ನಮ್ಮ ಬೀದಿಯಲ್ಲಿ ಇನ್ನೂ ಹನ್ನೊಂದು ದನಗಳಿವೆ. ಈ ವಾರದೊಳಗೆ ನಿಮ್ಮವರು ಸೂಕ್ಷ್ಮದರ್ಶಕ ತಂದು ಊರಿನಲ್ಲೇ ರಕ್ತ ನೋಡಲಿ. ಅನುಮಾನ ಬಂದ ಕೂಡಲೇ ಔಷಧಿ ಕೊಡಲು ಡಾಕ್ಟರಿಗೆ ಬಿಡಿ. ಪರಿಹಾರ ಕೇಳುತ್ತಿಲ್ಲ. 'ತಡ ಮಾಡಿದ್ದು ನಾವೇ' ಎಂದು ನೀವು ಮಾಯಮ್ಮನ ಹೆಸರಿಗೆ ಒಂದು ಕಾಗದ ಬರೆದು, ಸಹಿ ಹಾಕಿ ಕಳಿಸಿ. ನನ್ನ ತಪ್ಪನ್ನು ನಾನು ಅವಳ ಎದುರು ಕೂತು ಒಪ್ಪಿಕೊಂಡಿದ್ದೇನೆ. ನಿಮಗೆ ಅವಳ ಎದುರು ಬಂದು ಕೂರುವ ಕಷ್ಟವೂ ಇಲ್ಲ.

ಇಂತಿ,
ತಡವಾಗಿ ಬಾಯಿ ಬಿಟ್ಟ
ನೀಲಾಂಬಿಕೆ