ಬಾನೆಟ್ ಮೇಲೆ ಅಂಗೈ

ಮಾರ್ಚ್ 2, ಭಾನುವಾರ. ಬೆಳಿಗ್ಗೆ 11

ಇವತ್ತಿನದೂ ಆಗಲಿಲ್ಲ. ಇದು ಕೊಳ್ಳಲು ನೋಡಿದ ಮೂರನೆಯ ಕಾರು. ಒಂಬತ್ತಕ್ಕೆ ಬರುತ್ತೇನೆ ಅಂತ ಹೇಳಿ ಬೇಕಂತಲೇ ಎಂಟೂವರೆಗೆ ಹೋದೆ. ಬಾನೆಟ್ ಮೇಲೆ ಅಂಗೈ ಇಟ್ಟೆ. ಚುರ್ ಅಂತು.

"ಈಗಷ್ಟೇ ತೊಳೆಸ್ಕೊಂಡ್ ಬಂದೆ ಮೇಡಂ" ಅಂದ ಮಾರುವವ.

ತೊಳೆಸಿದ ಕಾರಿನ ಚಕ್ರದಲ್ಲಿ ಅಷ್ಟೊಂದು ಧೂಳು! ತಣ್ಣಗಿದ್ದರೆ ಸ್ಟಾರ್ಟ್ ಆಗದ ಎಂಜಿನ್ನು, ಗಿರಾಕಿ ಬರುವ ಮೊದಲೇ ಬಿಸಿ ಮಾಡಿಟ್ಟಿದ್ದಾನೆ. ನನಗೇ ಟೋಪಿ ಹಾಕಲು ನೋಡ್ತಾನೆ. ನಮಸ್ಕಾರ ಹೇಳಿ ಬಂದೆ.

ಹಳೇ ನೋಟ್‌ಬುಕ್ಕಿನಲ್ಲಿ ಇದೇ ಮೊದಲನೆಯ ನಿಯಮ. ಅಕ್ಷರ ನನ್ನದು, ಹದಿನೇಳರ ವಯಸ್ಸಿನ ದುಂಡಕ್ಷರ. ಮಾತು ಅಣ್ಣನದು. ಬೀದಿಯಲ್ಲಿ ಯಾರು ಸೆಕೆಂಡ್ ಹ್ಯಾಂಡ್ ಕಾರು ತಗೊಂಡರೂ ಅಣ್ಣನೇ ಹೋಗಿ ನೋಡಬೇಕು. ಬಂದು ಅಡುಗೆಮನೆ ಮೆಟ್ಟಿಲ ಮೇಲೆ ಕೂತು, "ಬರ್ಕೋ, ನಾಳೆ ನಿಂಗೇ ಬೇಕಾಗತ್ತೆ" ಅನ್ನೋನು.

ಬೇಕಾಯಿತು. ಹೇಳಿದವನ ಜೊತೆ ಮಾತಿಲ್ಲ ಅಷ್ಟೇ. ಹನ್ನೊಂದು ವರ್ಷ.

ಮಾರ್ಚ್ 6, ಗುರುವಾರ. ಅಂಗಡಿ, ಊಟದ ಹೊತ್ತು

ಬೆಳಿಗ್ಗೆಯಿಂದ ಒಂಬತ್ತು ಕನ್ನಡಕ. ಒಬ್ಬರಿಗೆ ಬೋರ್ಡಿನ ಮೂರನೇ ಸಾಲೂ ಕಾಣದು, ಆದರೆ ಫ್ರೇಮಿನ ಮೇಲಿನ ಗೀರು ಕಂಡಿತು.

ಅತ್ತಿಗೆ ಫೋನ್ ಮಾಡಿದ್ದರು. ಅವರು ಮಾತ್ರ ಆಗಾಗ ಮಾಡುತ್ತಾರೆ, ಅಣ್ಣನಿಗೆ ಗೊತ್ತಿಲ್ಲದ ಹಾಗೆ. "ನಿಮ್ಮಣ್ಣ ಕಾರು ಓಡಿಸೋದು ಬಿಟ್ಟುಬಿಟ್ರು. ಎದುರಿನ ಗಾಡಿ ದೀಪ ಒಡೆದೊಡೆದು ಕಾಣತ್ತಂತೆ. ಡಾಕ್ಟರ ಹತ್ರ ಬನ್ನಿ ಅಂದ್ರೆ ಕೇಳಲ್ಲ."

ಕಣ್ಣಿನ ಪೊರೆಯೇ ಇರಬೇಕು. ಊರಿನವರ ಕಣ್ಣೆಲ್ಲ ನೋಡುತ್ತೇನೆ. ಅಣ್ಣನದನ್ನು ಬಿಟ್ಟು.

ಆದರೂ ನಾನ್ಯಾಕೆ ಹೋಗಲಿ? ಅಪ್ಪ ಹೋಗಿ ತಿಂಗಳಾಗಿರಲಿಲ್ಲ, ನಮ್ಮ 'ಆನೆ'ಯನ್ನು ಮಾರಿಬಿಟ್ಟ. ಬೂದಿ ಬಣ್ಣದ ದೊಡ್ಡ ಕಾರು. ಅಪ್ಪ ಓಡಿಸುತ್ತಾ ಪ್ರತಿ ತಿರುವಿನಲ್ಲೂ "ಹಿಡ್ಕೊಳ್ರೋ!" ಅಂತ ಕೂಗೋರು, ಹಿಂದಿನ ಸೀಟಿನಲ್ಲಿ ನಾನೂ ಅಣ್ಣನೂ ಬೇಕಂತಲೇ ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು. ಅಮ್ಮನ ಫ್ಲಾಸ್ಕ್ ಮುಚ್ಚಳದಲ್ಲಿ ಸರದಿ ಪ್ರಕಾರ ಕಾಫಿ. ಅಂಥದ್ದನ್ನು ನನಗೊಂದು ಮಾತು ಹೇಳದೆ ಸಾಗಹಾಕಿದ. ನೆಂಟರೆಲ್ಲರ ಎದುರು ಬಾಯಿಗೆ ಬಂದಂತೆ ಅಂದೆ. ಅವನು ತಲೆ ತಗ್ಗಿಸಿ ನೆಂಟರಿಗೆ ಬಡಿಸುತ್ತಲೇ ಇದ್ದ. ಅದಕ್ಕೇ ಇನ್ನೂ ಸಿಟ್ಟು ಬಂತು.

ಗಿರಾಕಿ ಬಂದರು.

ಮಾರ್ಚ್ 9, ಭಾನುವಾರ

ಇದನ್ನು ಇವತ್ತೇ ಬರೆದಿಡಬೇಕು.

ಇವತ್ತು ಗ್ಯಾರೇಜಿನ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿದ್ದೆ. ಅಪ್ಪನ ಕಾಲದಿಂದ ಆನೆಯನ್ನು ನೋಡಿಕೊಂಡವರು. ಕಾರು ಥಳಥಳ ಅನ್ನುತ್ತಿತ್ತು. ಬಾನೆಟ್ ತಣ್ಣಗೆ, ಬಾಗಿಲುಗಳ ಸಂದು ಸಮ, ನಾಲ್ಕು ಟೈರೂ ಒಂದೇ ಸವೆತ. ನಾನು ಆಗಲೇ ಮನಸ್ಸಿನಲ್ಲಿ ಓಡಿಸತೊಡಗಿದ್ದೆ. ಮೇಸ್ತ್ರಿ ಸುಮ್ಮನೆ ಕಾಲ ಕೆಳಗಿನ ಕಾರ್ಪೆಟ್ ಎತ್ತಿ ಮೂಗು ಇಟ್ಟರು.

"ನೀರು ಕುಡಿದಿರೋ ಗಾಡಿ ಅಮ್ಮ. ಮುಗ್ಗುಲು ವಾಸನೆ. ಇನ್ನೊಂದ್ ವರ್ಷಕ್ಕೆ ತಳ ಉದುರತ್ತೆ, ನಿಮ್ಮ ಆನೆ ಥರಾನೇ."

"ಆನೆಗೇನಾಗಿತ್ತು?"

ಮೇಸ್ತ್ರಿ ಕಾರ್ಪೆಟ್ ಕೆಳಗಿಟ್ಟರು. "ಅಣ್ಣ ಇನ್ನೂ ಹೇಳಿಲ್ವಾ?"

ಆನೆಯ ತಳ ಪೂರ್ತಿ ತುಕ್ಕು ಹಿಡಿದಿತ್ತಂತೆ. ಬ್ರೇಕಿನ ಪೈಪೂ. ಕೊಳ್ಳಲು ಒಬ್ಬರು ಬಂದಿದ್ದರಂತೆ, ಇಬ್ಬರು ಚಿಕ್ಕಮಕ್ಕಳ ಅಪ್ಪ. ಅಣ್ಣ ಕೊಡಲಿಲ್ಲ. ಗುಜರಿಗೆ ಹಾಕಿದ. "ತಂಗಿಗೆ ಹೇಳ್ಬೇಡಿ ಮೇಸ್ತ್ರಿ. ಆ ನೀರಿಂದ ಆಗಿದ್ದು ಅಂತ ಗೊತ್ತಾದ್ರೆ ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಲ್ಲ ಅವಳು" ಅಂದಿದ್ದನಂತೆ.

ಆ ನೀರು...

ಮಾರ್ಚ್ 17, ಸೋಮವಾರ

ಒಂದು ವಾರ ಬರೆಯಲಾಗಲಿಲ್ಲ.

ಅಪ್ಪ ಹೋಗುವ ಹಿಂದಿನ ವರ್ಷ. ನಲವತ್ತು ತುಂಬಿದ್ದರೂ ಓಡಿಸುವುದನ್ನು ಆಗಷ್ಟೇ ಕಲಿಯುತ್ತಿದ್ದೆ. ಜಂಬ. ಅಣ್ಣನಿಂದ ಕೀ ತಗೊಂಡು ಒಬ್ಬಳೇ ಹೊರಟೆ. ರೈಲು ಸೇತುವೆ ಕೆಳಗೆ ಮಳೆನೀರು ನಿಂತಿತ್ತು. ಮುಂದಿನ ಲಾರಿ ದಾಟಿತು, ನಾನೂ ದಾಟುತ್ತೇನೆ ಅಂದುಕೊಂಡೆ. ಲಾರಿಯ ಎತ್ತರವೆಲ್ಲಿ, ಆನೆಯ ಎತ್ತರವೆಲ್ಲಿ! ನಡುವೆ ನಿಂತಿತು. ಕೀ ತಿರುಗಿಸಿ ತಿರುಗಿಸಿ ನೋಡಿದೆ, ಏಳಲಿಲ್ಲ. ಸೀಟಿನವರೆಗೆ ನೀರು. ಅಣ್ಣ ಬಂದು ತಳ್ಳಿದ. ಎರಡು ದಿನ ಕಾರಿನೊಳಗೆ ಟೇಬಲ್ ಫ್ಯಾನ್ ಇಟ್ಟು ಒಣಗಿಸಿದ. "ಅಪ್ಪಂಗೆ ಹೇಳಲ್ಲ, ನೀನೂ ಹೇಳ್ಬೇಡ" ಅಂದ. ಮೂರನೇ ದಿನ ಕಿವಿ ಹಿಂಡಿ ನನ್ನನ್ನೇ ಸ್ಟೇರಿಂಗ್ ಹಿಂದೆ ಕೂರಿಸಿದ.

ಅಂಥವನಿಗೆ ನಾನು ಅಂದದ್ದು: "ನಿಂಗೆ ಅಪ್ಪನ ಮೇಲೆ ಪ್ರೀತಿ ಇರಲಿಲ್ಲ."

ಮುಖ ಎಲ್ಲಿಡಲಿ.

ಮಾರ್ಚ್ 23, ಭಾನುವಾರ

ತಗೊಂಡೆ. ಸಣ್ಣದು, ನೀಲಿ, ಒಂಬತ್ತು ವರ್ಷದ್ದು. ಒಬ್ಬ ಟೀಚರಮ್ಮನದು. ಬಾಗಿಲಲ್ಲಿ ಒಂದು ಗೀರು, ಅವರೇ ಮೊದಲು ತೋರಿಸಿದರು. ತಣ್ಣಗಿನ ಎಂಜಿನ್, ಒಂದೇ ಸಲಕ್ಕೆ ಎದ್ದಿತು. ಕಾರ್ಪೆಟ್ ನಾನೇ ಎತ್ತಿ ಮೂಸಿದೆ. ಎಂಜಿನ್ ನಂಬರ್ ಪೇಪರಿಗೆ ತಾಳೆ. ಸ್ಟೆಪ್ನಿಯಲ್ಲಿ ಗಾಳಿಯೂ ಇದೆ.

ನಮ್ಮ ಯಜಮಾನರು ಸುತ್ತ ಒಂದು ಪ್ರದಕ್ಷಿಣೆ ಹಾಕಿ "ಬಣ್ಣ ಚೆನ್ನಾಗಿದೆ" ಅಂದರು. ಕಾರಿನ ಬಗ್ಗೆ ಅವರ ಜ್ಞಾನ ಅಷ್ಟೇ.

ಮಾರ್ಚ್ 29, ಶನಿವಾರ. ಬೆಳಿಗ್ಗೆ 5.30

ಹೊರಡುವೆ. ಅಣ್ಣನ ಮನೆಗೆ ಮುನ್ನೂರ ಹತ್ತು ಕಿಲೋಮೀಟರು. ನಮ್ಮವರಿಗೆ ಕಾರು ಹತ್ತಿದರೆ ವಾಂತಿ. "ನಾನು ಬಂದ್ರೆ ನೀನು ರಸ್ತೆ ನೋಡ್ತೀಯೋ, ನನ್ನ ನೋಡ್ತೀಯೋ" ಅಂತ ಹಾಸಿಗೆಯಿಂದಲೇ ಬೀಳ್ಕೊಟ್ಟರು.

ನೋಟ್‌ಬುಕ್ ಪ್ರಕಾರ: ಟೈರಿನ ಗಾಳಿ ನಿನ್ನೆಯೇ ನೋಡಿಸಿದ್ದೇನೆ. ಎರಡು ಗಂಟೆಗೊಮ್ಮೆ ಇಳಿದು ನಡೆಯಬೇಕು. ಟ್ಯಾಂಕ್ ಅರ್ಧವಾದಾಗಲೇ ತುಂಬಿಸಬೇಕು. ಕೋಪದಲ್ಲಿ ಓಡಿಸಬಾರದು. ಕೋಪ ಇಲ್ಲ. ಹೆದರಿಕೆ ಇದೆ, ಅದಕ್ಕೆ ನಿಯಮ ಬರೆಸಿಲ್ಲ.

ಅಂಗಡಿಯ ಲೆನ್ಸ್ ಪೆಟ್ಟಿಗೆ ಹಿಂದಿನ ಸೀಟಿನಲ್ಲಿದೆ. ಫ್ಲಾಸ್ಕೂ.

ಅದೇ ದಿನ. ಮಧ್ಯಾಹ್ನ 3

ಅಣ್ಣನ ಮನೆಯ ಹೊರಕೋಣೆ. ಅತ್ತಿಗೆ ಬಟ್ಟೆ ತೆಗೆಯಲು ಮಹಡಿಗೆ ಹೋಗಿದ್ದಾರೆ.

ಗೇಟಿನ ಮುಂದೆ ನಿಲ್ಲಿಸಿದಾಗ ಅವನೇ ಹೊರಗೆ ಬಂದ. ಕೂದಲೆಲ್ಲ ಬೆಳ್ಳಗಾಗಿದೆ. ಅಪ್ಪನೇ ಬಂದಂತಾಯಿತು. ನನ್ನ ಮುಖ ನೋಡಲಿಲ್ಲ. ನೇರ ಬಂದು ಬಾನೆಟ್ ಮೇಲೆ ಅಂಗೈ ಇಟ್ಟ.

"ಬಿಸಿ ಇದೆ."

"ಮೋಸ ಮಾಡೋಕೆ ಬಿಸಿ ಮಾಡಿದ್ದಲ್ಲ ಅಣ್ಣ. ಓಡಿಸ್ಕೊಂಡ್ ಬಂದೆ."

"ಅಷ್ಟು ದೂರ? ಒಬ್ಳೇನಾ?"

"ಹೂಂ."

ಕೈ ತೆಗೆಯಲಿಲ್ಲ. ಕಣ್ಣು ತುಂಬಿತ್ತು, ಅದು ಪೊರೆಯಿಂದಲ್ಲ. ನಾನು ಅಲ್ಲೇ ಬೀದಿಯಲ್ಲೇ ಅತ್ತುಬಿಟ್ಟೆ. "ಮೇಸ್ತ್ರಿ ಎಲ್ಲಾ ಹೇಳಿದ್ರು. ಎಲ್ಲಾ ನನ್ನದೇ ತಪ್ಪು, ಅಣ್ಣ."

"ನೀರಲ್ಲಿ ಆಫ್ ಆದ ಎಂಜಿನ್ನ ಮತ್ತೆ ಸ್ಟಾರ್ಟ್ ಮಾಡೋಕೆ ಹೋದ್ಯಲ್ಲ, ಅದೊಂದೇ ತಪ್ಪು" ಅಂದ. "ಹಾಗೇ ಬಿಟ್ಟು ತಳ್ಳಬೇಕು. ಬರ್ಕೋ."

ಬರೆದುಕೊಂಡೆ. ಮೂವತ್ತೈದು ವರ್ಷದ ಮೇಲೆ, ಅದೇ ನೋಟ್‌ಬುಕ್ಕಿನಲ್ಲಿ, ಕೊನೆಯ ನಿಯಮದ ಕೆಳಗೆ.

ಊಟ ಆದ ಮೇಲೆ ಕಣ್ಣು ನೋಡಿದೆ. ಯಾವ ಲೆನ್ಸೂ ಸಾಲದು, ಪೊರೆ ತೆಗೆಸಲೇಬೇಕು. ಸೋಮವಾರ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ ಅಂದೆ. "ಮೊದ್ಲು ನಿನ್ನ ಡ್ರೈವಿಂಗ್ ನೋಡ್ತೀನಿ, ಆಮೇಲೆ ಹೇಳ್ತೀನಿ" ಅಂದು ಚಪ್ಪಲಿ ಮೆಟ್ಟಿ ಹೋದ. ಪಕ್ಕದ ಸೀಟಿನಲ್ಲಿ ಕೂತಿದ್ದಾನೆ, ಕಿಟಕಿಯಿಂದ ಕಾಣುತ್ತಿದೆ. ಕೈ ಚಾಚಿ ಹಾರ್ನ್ ಹೊಡೆಯುತ್ತಿದ್ದಾನೆ. ಬೀದಿಯವರೆಲ್ಲ ನೋಡುತ್ತಿದ್ದಾರೆ. ಬಂದೆ ಅಣ್ಣ, ಬಂ—